ಐದು ಪಿನ್ನಿನ ಹಳೆಯ ಕೀಬೋರ್ಡನ್ನು ಯುಎಸ್‌ಬಿ ಲ್ಯಾಪ್‌ಟಾಪಿಗೆ ಜೋಡಿಸುವುದು ಹೇಗೆ?

ಟಕಟಕ (ದಾವಣಗೆರೆ)

ಸೋದರಮಾವ ತಮ್ಮ ಡಿಟಿಪಿ ಅಂಗಡಿಯನ್ನು ಮುಚ್ಚುತ್ತಿದ್ದಾರೆ. ಗುಜರಿಗೆ ಹೊರಟಿದ್ದ ರಾಶಿಯಿಂದ ಎರಡು ಕೀಬೋರ್ಡ್‌ಗಳನ್ನು ಎತ್ತಿಟ್ಟುಕೊಂಡಿದ್ದೇನೆ. ಒಂದು ಐಬಿಎಂನದು. ಬೆನ್ನಿನ ಚೀಟಿಯಲ್ಲಿ 1391401 ಎಂದಿದೆ, ಎತ್ತಿದರೆ ಎರಡು ಕಿಲೋಗೆ ಮೋಸವಿಲ್ಲ, ತುದಿಯಲ್ಲಿ ಆರು ಪಿನ್ನಿನ ಸಣ್ಣ ದುಂಡು ಪ್ಲಗ್ ಇದೆ. ಇನ್ನೊಂದರ ಮೇಲೆ ತಯಾರಕರ ಹೆಸರೇ ಇಲ್ಲ, ತೈವಾನಿನದು ಎಂದಷ್ಟೇ ಬರೆದಿದೆ. ಅದರದು ಐದು ಪಿನ್ನಿನ ದಪ್ಪ ಪ್ಲಗ್. ಕೆಳಭಾಗದಲ್ಲಿ ಉಗುರಿನಿಂದ ಸರಿಸುವಷ್ಟು ಸಣ್ಣ ಸ್ವಿಚ್ಚಿದ್ದು, ಒಂದು ಕಡೆ "ಎಕ್ಸ್", ಇನ್ನೊಂದು ಕಡೆ "ಎ" ಎಂದಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಬಿಟ್ಟರೆ ಬೇರೆ ಕಿಂಡಿ ಇಲ್ಲ. ಮನೆಯಲ್ಲಿ ನೇರಳೆ ಬಣ್ಣದ ಒಂದು ಪುಟ್ಟ ಪ್ಲಗ್ ಇದೆ: ಒಂದು ಬದಿ ಯುಎಸ್‌ಬಿ, ಇನ್ನೊಂದು ಬದಿ ದುಂಡು ಕಿಂಡಿ. ಅದನ್ನೇ ಬಳಸಬಹುದೇ? ಇವುಗಳಲ್ಲಿ ನುಡಿ ತಂತ್ರಾಂಶದ ಕನ್ನಡ ಬರುತ್ತದೆಯೇ?

ಬೆಸುಗೆಕಡ್ಡಿ (ಹುಬ್ಬಳ್ಳಿ)

ನೇರಳೆ ಪ್ಲಗ್ಗನ್ನು ಪಕ್ಕಕ್ಕಿಡಿ. ಅದರೊಳಗೆ ಚಿಪ್ ಎಂಬುದೇ ಇಲ್ಲ, ಒಂದು ಕಡೆಯ ನಾಲ್ಕು ತಂತಿಗಳನ್ನು ಇನ್ನೊಂದು ಕಡೆಯ ನಾಲ್ಕು ಪಿನ್ನುಗಳಿಗೆ ಸೇರಿಸಿದ್ದಾರೆ, ಅಷ್ಟೆ. ಪಿಎಸ್/2 (ಆರು ಪಿನ್ನಿನ ಸಣ್ಣ ದುಂಡು ಪ್ಲಗ್ಗಿನ ಪದ್ಧತಿ) ಮತ್ತು ಯುಎಸ್‌ಬಿ ಎರಡನ್ನೂ ಬಲ್ಲ ಚಿಪ್ಪಿರುವ ಕೀಬೋರ್ಡುಗಳು ಒಂದು ಕಾಲದಲ್ಲಿ ಬರುತ್ತಿದ್ದವು. ಆ ಪ್ಲಗ್ ಅವುಗಳ ಜೊತೆಗೆ ಬಂದದ್ದು. 1980ರ ದಶಕದ ಐಬಿಎಂ ಕೀಬೋರ್ಡಿಗೆ ಯುಎಸ್‌ಬಿ ಗೊತ್ತಿರಲು ಸಾಧ್ಯವೇ ಇಲ್ಲ, ಯುಎಸ್‌ಬಿ ಬಂದದ್ದೇ 1996ರಲ್ಲಿ.

ನಿಮಗೆ ಬೇಕಾದದ್ದು ಚಿಪ್ಪಿರುವ ಪರಿವರ್ತಕ. ನೋಡಿ ಗುರುತಿಸುವ ಬಗೆ: ಸಾಮಾನ್ಯವಾಗಿ ಒಂದು ಗಿಡ್ಡ ಕೇಬಲ್ ಇರುತ್ತದೆ, ಕೀಬೋರ್ಡಿಗೊಂದು ಮೌಸಿಗೊಂದು ಎಂದು ಎರಡು ದುಂಡು ಕಿಂಡಿಗಳಿರುತ್ತವೆ. ಎರಡೂ ಕಿಂಡಿಗಳಿದ್ದರೆ ಒಳಗೆ ಚಿಪ್ ಇದ್ದೇ ಇರುತ್ತದೆ.

ನಿವೃತ್ತ ಸೇವಾ ಎಂಜಿನಿಯರ್ (ಮೈಸೂರು)

ಟಕಟಕ ಅವರೇ, ಪ್ಲಗ್ ನೋಡಿ ಯಾವುದನ್ನೂ ನಿರ್ಧರಿಸಬೇಡಿ. ಇದೊಂದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಐದು ಪಿನ್ನಿನ ಅದೇ ದಪ್ಪ ಪ್ಲಗ್ಗನ್ನು ಎರಡು ಬೇರೆ ಬೇರೆ ಪದ್ಧತಿಗಳಿಗೆ ಬಳಸಿದ್ದಾರೆ.

1981ರ ಐಬಿಎಂ ಪಿಸಿಯೊಂದಿಗೆ 83 ಕೀಗಳ ಕೀಬೋರ್ಡ್ ಬಂತು. ಆ ಪದ್ಧತಿಗೆ ಎಕ್ಸ್‌ಟಿ ಎನ್ನುತ್ತೇವೆ. ಅದರಲ್ಲಿ ಮಾತು ಒಂದೇ ಕಡೆಗೆ: ಕೀಬೋರ್ಡ್ ಹೇಳುತ್ತದೆ, ಕಂಪ್ಯೂಟರ್ ಕೇಳುತ್ತದೆ. ರೀಸೆಟ್ ಮಾಡುವುದನ್ನು ಬಿಟ್ಟರೆ ಕಂಪ್ಯೂಟರಿಗೆ ಬಾಯಿಲ್ಲ. ಅದಕ್ಕೇ ಆ 83 ಕೀಗಳ ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ದೀಪವೂ ಇರಲಿಲ್ಲ, ಹೊತ್ತಿಸು ಎಂದು ಹೇಳುವ ದಾರಿಯೇ ಇರಲಿಲ್ಲವಲ್ಲ. 1984ರಲ್ಲಿ ಪಿಸಿ-ಎಟಿ ಬಂದಾಗ ಪ್ಲಗ್ ಹಾಗೆಯೇ ಉಳಿಯಿತು, ಒಳಗಿನ ಪದ್ಧತಿ ಬದಲಾಯಿತು. ಎರಡೂ ಕಡೆಯಿಂದ ಮಾತು ಸಾಧ್ಯವಾಯಿತು, ಮೂರು ದೀಪಗಳೂ ಬಂದವು. 1987ರ ಪಿಎಸ್/2 ಯಂತ್ರಗಳಲ್ಲಿ ಇದಕ್ಕೆ ತದ್ವಿರುದ್ಧ: ಪ್ಲಗ್ ಆರು ಪಿನ್ನಿನದಾಗಿ ಚಿಕ್ಕದಾಯಿತು, ಪದ್ಧತಿ ಎಟಿಯದೇ ಮುಂದುವರಿಯಿತು.

ವ್ಯತ್ಯಾಸ ಎಷ್ಟು ಆಳದ್ದೆಂದು ಒಂದು ಕೀಯಿಂದಲೇ ತೋರಿಸುತ್ತೇನೆ. ಎಕ್ಸ್‌ಟಿಯಲ್ಲಿ "ಎ" ಕೀ ಒತ್ತಿದರೆ 1ಇ ಎಂಬ ಸಂಕೇತ ಹೋಗುತ್ತದೆ, ಬೆರಳೆತ್ತಿದರೆ 9ಇ. ಎಟಿಯಲ್ಲಿ ಒತ್ತಿದರೆ 1ಸಿ, ಬೆರಳೆತ್ತಿದರೆ ಎಫ್0 ಮತ್ತು 1ಸಿ ಎಂದು ಎರಡು ಸಂಕೇತಗಳು. ಎಟಿಯಲ್ಲಿ ಪ್ರತಿ ಸಂಕೇತಕ್ಕೂ 11 ಬಿಟ್‌ಗಳು: ಆರಂಭಕ್ಕೆ ಒಂದು, ಮಾಹಿತಿಗೆ ಎಂಟು, ತಾಳೆ ನೋಡಲು ಪ್ಯಾರಿಟಿ ಒಂದು, ಮುಕ್ತಾಯಕ್ಕೆ ಒಂದು. ಎಕ್ಸ್‌ಟಿಯಲ್ಲಿ ಪ್ಯಾರಿಟಿಯೇ ಇಲ್ಲ. ಎಟಿಯನ್ನು ನಿರೀಕ್ಷಿಸುವ ಪರಿವರ್ತಕಕ್ಕೆ ಎಕ್ಸ್‌ಟಿ ಕೀಬೋರ್ಡ್ ಸಿಕ್ಕಿಸಿದರೆ ಏನೂ ಬರುವುದಿಲ್ಲ, ಬಂದರೂ ಕಸ.

ಈಗ ನಿಮ್ಮ ತೈವಾನಿನ ಕೀಬೋರ್ಡಿಗೆ ಬರೋಣ. ಕೆಳಗಿರುವ ಆ ಸ್ವಿಚ್ ಇದಕ್ಕಾಗಿಯೇ ಇರುವುದು: "ಎಕ್ಸ್" ಎಂದರೆ ಎಕ್ಸ್‌ಟಿ, "ಎ" ಎಂದರೆ ಎಟಿ. ಯಾವ ಯಂತ್ರ ಕೊಂಡವರಿಗೂ ಮಾರಬಹುದೆಂದು ತಯಾರಕರು ಎರಡನ್ನೂ ಒಳಗಿಟ್ಟಿದ್ದರು. ಪ್ಲಗ್ ಹೊರಗೆ ತೆಗೆದ ಮೇಲೆಯೇ ಸ್ವಿಚ್ಚನ್ನು "ಎ" ಕಡೆಗೆ ಸರಿಸಿ. ಆಮೇಲೆ ಐದು ಪಿನ್ನಿನಿಂದ ಆರು ಪಿನ್ನಿಗೆ ಹೋಗುವ ಸಾದಾ ಜೋಡಕ ಸಾಕು, ಅದರಲ್ಲಿ ಚಿಪ್ ಬೇಕಿಲ್ಲ. ಅದರ ತುದಿಗೆ ಬೆಸುಗೆಕಡ್ಡಿ ಹೇಳಿದ ಪರಿವರ್ತಕ.

ಬೆನ್ನಿನಲ್ಲಿ ಆ ಸ್ವಿಚ್ ಇರುವುದು ನಿಮ್ಮ ಅದೃಷ್ಟ. ಅಪ್ಪಟ ಎಕ್ಸ್‌ಟಿ ಕೀಬೋರ್ಡ್ ಆಗಿದ್ದರೆ ಅಂಗಡಿಯ ಪರಿವರ್ತಕ ಕೆಲಸಕ್ಕೆ ಬರುತ್ತಿರಲಿಲ್ಲ.

ಎಸ್‌.ಪಿ. ರಸ್ತೆ ಅಲೆಮಾರಿ (ಬೆಂಗಳೂರು)

ಸರ್ ಹೇಳಿದ್ದಕ್ಕೆ ಒಂದು ಸೇರಿಕೆ. ಚಿಪ್ಪಿರುವ ಪರಿವರ್ತಕಗಳೆಲ್ಲ ಒಂದೇ ಗುಣದವಲ್ಲ. ನಾನು ಕೊಂಡ ಒಂದಗ್ಗದ ಪರಿವರ್ತಕ ಈಗಿನ ಪಿಎಸ್/2 ಕೀಬೋರ್ಡನ್ನು ಚೆನ್ನಾಗಿ ನಡೆಸುತ್ತದೆ, ಹಳೆಯ ಐಬಿಎಂ ಹಾಕಿದರೆ ಮೂರು ದೀಪ ಒಮ್ಮೆ ಮಿನುಗಿ ಸುಮ್ಮನಾಗುತ್ತದೆ. ಹಳೆಯ ಕೀಬೋರ್ಡುಗಳೊಳಗಿನ ಸರ್ಕ್ಯೂಟ್ ಈಗಿನವುಗಳಿಗಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ. ಯುಎಸ್‌ಬಿ ಕಿಂಡಿ 500 ಮಿಲಿ ಆಂಪಿಯರ್ ಕೊಡಬಲ್ಲದು, ಕೆಲವು ಪರಿವರ್ತಕಗಳು ಕಂಪ್ಯೂಟರಿನ ಬಳಿ 100 ಮಾತ್ರ ಕೇಳುತ್ತವೆ. ಮೇಜಿನ ಕಂಪ್ಯೂಟರ್ ಇದನ್ನು ಲೆಕ್ಕಿಸದೆ ಕೊಟ್ಟುಬಿಡಬಹುದು, ಟ್ಯಾಬ್ಲೆಟ್‌ನಂಥವು ಕಟ್ಟುನಿಟ್ಟು ಮಾಡುತ್ತವೆ. ತಕರಾರು ಬಂದರೆ ನಡುವೆ ಸ್ವಂತ ಅಡಾಪ್ಟರಿರುವ ಯುಎಸ್‌ಬಿ ಹಬ್ ಹಾಕಿ ನೋಡಿ. ಅಂಗಡಿಯಲ್ಲಿ ಕೊಳ್ಳುವ ಮುನ್ನ ಕೀಬೋರ್ಡನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಇನ್ನೂ ಒಳ್ಳೆಯದು. ಎಸ್‌.ಪಿ. ರಸ್ತೆಯಲ್ಲಿ ಯಾರೂ ನಗುವುದಿಲ್ಲ, ಅವರು ಇದಕ್ಕಿಂತ ವಿಚಿತ್ರವಾದದ್ದನ್ನು ನೋಡಿದ್ದಾರೆ.

ಇನ್ನೊಂದು ವಿಷಯ: ಕೆಲವು ಪರಿವರ್ತಕಗಳು ಎಚ್ಚರಗೊಳ್ಳಲು ತಡಮಾಡುತ್ತವೆ. ವಿಂಡೋಸ್ ತೆರೆದ ಮೇಲೆ ಎಲ್ಲ ಸರಿ, ಆದರೆ ಯಂತ್ರ ಆರಂಭವಾಗುವಾಗ ಬಯೋಸ್ ಎಂಬ ಆರಂಭಿಕ ಹೊಂದಿಕೆಗಳ ಪರದೆಗೆ ಹೋಗಲು ಡಿಲೀಟ್ ಒತ್ತಿದರೆ ಕೇಳಿಸುವುದಿಲ್ಲ.

ಗುಬ್ಬಿಗೂಡು (ಸ್ಯಾನ್ ಹೋಸೆ)

ಎಲ್ಲರಿಗೂ ನಮಸ್ಕಾರ. ಪರಿವರ್ತಕ ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದೇ ಮೇಲು ಎಂಬ ಪಕ್ಷದವಳು ನಾನು. ಕಾರಣ ಉಳಿತಾಯವಲ್ಲ. ಕೊಂಡದ್ದು ಕೈಕೊಟ್ಟರೆ ಏಕೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಮಾಡಿಕೊಂಡದ್ದರಲ್ಲಿ ಕೀಬೋರ್ಡ್ ಏನು ಹೇಳುತ್ತಿದೆ ಎಂದು ಸಂಕೇತ ಸಂಕೇತವಾಗಿ ನೋಡಬಹುದು.

ಬೇಕಾದದ್ದು ಎಟಿಮೆಗಾ 32ಯು4 ಚಿಪ್ಪಿರುವ ಒಂದು ಪುಟ್ಟ ಬೋರ್ಡ್. ಪ್ರೊ ಮೈಕ್ರೋ ಅಥವಾ ಟೀನ್ಸಿ 2.0, ಎರಡೂ ಆಗುತ್ತದೆ. ಈ ಚಿಪ್ ತಾನೇ ಯುಎಸ್‌ಬಿ ಕೀಬೋರ್ಡಿನಂತೆ ಕಂಪ್ಯೂಟರಿಗೆ ಪರಿಚಯಿಸಿಕೊಳ್ಳುತ್ತದೆ. ಕೊಳ್ಳುವಾಗ 5 ವೋಲ್ಟಿನದನ್ನೇ ಕೇಳಿ, ಪ್ರೊ ಮೈಕ್ರೋದಲ್ಲಿ 3.3 ವೋಲ್ಟಿನ ಅವಳಿಯೂ ಇದೆ, ನೋಡಲು ಒಂದೇ ರೀತಿ. ಸೋರರ್ ಎಂಬ ಹವ್ಯಾಸಿಯ ಪರಿವರ್ತಕ ತಂತ್ರಾಂಶ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಎಕ್ಸ್‌ಟಿ, ಎಟಿ, ಪಿಎಸ್/2, ಟರ್ಮಿನಲ್ ಕೀಬೋರ್ಡುಗಳನ್ನು ಅದು ತಾನೇ ಗುರುತಿಸುತ್ತದೆ. ಹಾಸು ಎಂಬ ಇನ್ನೊಬ್ಬ ಹವ್ಯಾಸಿಯ ಟಿಎಂಕೆ ತಂತ್ರಾಂಶದಲ್ಲೂ ಇದೇ ಕೆಲಸದ ಭಾಗವಿದೆ, ಅದರ ಮೂಲ ಸಂಕೇತ ತೆರೆದಿರುವುದರಿಂದ ನನಗೆ ಅದೇ ಹೆಚ್ಚು ಇಷ್ಟ.

ತಂತಿ ನಾಲ್ಕೇ: ಕ್ಲಾಕ್ (ಬಿಟ್‌ಗಳಿಗೆ ತಾಳ ಹಾಕುವುದು), ಡೇಟಾ (ಸಂಕೇತ ಹೋಗುವುದು), 5 ವೋಲ್ಟ್, ಗ್ರೌಂಡ್. ಬೋರ್ಡಿನ ಯಾವ ಪಿನ್ನಿಗೆ ಯಾವುದು ಎಂಬುದನ್ನು ನೀವು ಹಾಕುವ ತಂತ್ರಾಂಶದ ಸೂಚನೆಯಲ್ಲೇ ನೋಡಿ. ಪ್ಲಗ್ಗಿನ ಕಡೆ ಹೀಗಿದೆ. ಐದು ಪಿನ್ನಿನದರಲ್ಲಿ 1 ಕ್ಲಾಕ್, 2 ಡೇಟಾ, 4 ಗ್ರೌಂಡ್, 5 ವಿದ್ಯುತ್. 3ನೆಯದು ಎಟಿಯಲ್ಲಿ ಖಾಲಿ, ಕೆಲವು ಎಕ್ಸ್‌ಟಿಗಳಲ್ಲಿ ರೀಸೆಟ್. ಆರು ಪಿನ್ನಿನದರಲ್ಲಿ 1 ಡೇಟಾ, 3 ಗ್ರೌಂಡ್, 4 ವಿದ್ಯುತ್, 5 ಕ್ಲಾಕ್.

ಇಲ್ಲಿ ಒಂದು ಹಳ್ಳವಿದೆ. ದಪ್ಪ ಪ್ಲಗ್ಗಿನ ಪಿನ್ನುಗಳಿಗೆ ಸಾಲಾಗಿ 1, 2, 3, 4, 5 ಎಂದು ಸಂಖ್ಯೆ ಕೊಟ್ಟಿಲ್ಲ. ಕಮಾನಿನ ಒಂದು ತುದಿಯಿಂದ ಹೊರಟರೆ ಬರುವ ಕ್ರಮ 1, 4, 2, 5, 3. ಜೊತೆಗೆ ಪ್ಲಗ್ಗನ್ನು ಎದುರಿನಿಂದ ನೋಡುವುದಕ್ಕೂ ಸಾಕೆಟ್ಟನ್ನು ಎದುರಿನಿಂದ ನೋಡುವುದಕ್ಕೂ ಎಡಬಲ ಅದಲುಬದಲಾಗುತ್ತದೆ. ಆದ್ದರಿಂದ ಚಿತ್ರವನ್ನು ನಂಬಿ ಬೆಸುಗೆ ಹಾಕಬೇಡಿ. ಮಲ್ಟಿಮೀಟರಿನಲ್ಲಿ ಕಂಟಿನ್ಯೂಟಿ ಇಟ್ಟು, ಕೀಬೋರ್ಡಿನ ಒಳಗಿನ ಬೋರ್ಡಿನಿಂದ ಪ್ಲಗ್ಗಿನ ಪಿನ್ನಿನವರೆಗೆ ಗ್ರೌಂಡನ್ನೂ 5 ವೋಲ್ಟನ್ನೂ ನೀವೇ ಗುರುತಿಸಿಕೊಳ್ಳಿ. ಡೇಟಾ, ಕ್ಲಾಕ್ ತಿರುವುಮುರುವಾದರೆ ಕೀಬೋರ್ಡ್ ಸುಮ್ಮನಿರುತ್ತದೆ, ಅದಲಿಸಿದರೆ ಆಯಿತು. ವಿದ್ಯುತ್ತೂ ಗ್ರೌಂಡೂ ತಿರುವುಮುರುವಾದರೆ ನಿಮ್ಮ ಮಾವನವರಿಗೆ ಉತ್ತರ ಹೇಳಬೇಕಾಗುತ್ತದೆ.

ಬೆಸುಗೆಕಡ್ಡಿ (ಹುಬ್ಬಳ್ಳಿ)

ಗುಬ್ಬಿಗೂಡು ಅವರೇ, ರಾಸ್ಪ್‌ಬೆರಿ ಪೈ ಪಿಕೊ ಇನ್ನೂ ಸುಲಭವಾಗಿ ಸಿಗುತ್ತದೆಯಲ್ಲ, ಅದೇಕೆ ಬೇಡ?

ಗುಬ್ಬಿಗೂಡು (ಸ್ಯಾನ್ ಹೋಸೆ)

ಆಗುತ್ತದೆ, ಆದರೆ ಪಿಕೊದ ಪಿನ್ನುಗಳು 3.3 ವೋಲ್ಟಿಗೆ ಮಾಡಿದವು. ಈ ಕೀಬೋರ್ಡುಗಳು ಕ್ಲಾಕ್, ಡೇಟಾ ತಂತಿಗಳನ್ನು 5 ವೋಲ್ಟಿಗೆ ಎಳೆದು ಹಿಡಿದಿರುತ್ತವೆ. ನಡುವೆ ಎರಡೂ ದಿಕ್ಕಿಗೆ ಕೆಲಸ ಮಾಡುವ ಲೆವೆಲ್ ಶಿಫ್ಟರ್, ಅಂದರೆ ವೋಲ್ಟೇಜ್ ಹೊಂದಿಸುವ ಪುಟ್ಟ ಸರ್ಕ್ಯೂಟ್, ಬೇಕು. ಅದನ್ನು ಸೇರಿಸುವುದಾದರೆ ಪಿಕೊ ಧಾರಾಳವಾಗಿ ಬಳಸಿ.

ಹಲಗೆ ಬಳಪ (ಶಿವಮೊಗ್ಗ)

ಇಷ್ಟೆಲ್ಲ ತಲೆನೋವು ಏಕೆ? ಕೀಗಳನ್ನು ಓದಿ ಸಂಕೇತ ಕಳಿಸುವ ಹಳೆಯ ಕಂಟ್ರೋಲರನ್ನೇ ಕಿತ್ತುಹಾಕಿ ಒಳಗೆ ಹೊಸ ಬೋರ್ಡ್ ಕೂರಿಸಿ, ಹಿಂದೆ ಒಂದು ಯುಎಸ್‌ಬಿ ಟೈಪ್-ಸಿ ತೂತು ಕೊರೆದರೆ ಮುಗಿಯಿತು. ಹೊರಗೆ ಬಾಲ ನೇತಾಡುವುದಿಲ್ಲ.

ನಿವೃತ್ತ ಸೇವಾ ಎಂಜಿನಿಯರ್ (ಮೈಸೂರು)

ತೂತು ಕೊರೆಯುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಕೆಟ್ಟಿರುವುದಕ್ಕೆ ಚಿಕಿತ್ಸೆ ಮಾಡಿ, ಕೆಲಸ ಮಾಡುತ್ತಿರುವುದರ ಹೊಟ್ಟೆ ಏಕೆ ಬಗೆಯಬೇಕು? 1391401ರ ಕೇಬಲ್ ಬಿಚ್ಚಿ ತೆಗೆಯಲು ಬರುತ್ತದೆ. ಕತ್ತರಿಸುವ ಪ್ರಸಂಗವೂ ಇಲ್ಲ, ಕೇಬಲ್ಲನ್ನಷ್ಟೇ ಬದಲಿಸಬಹುದು.

ಒಳಗೇ ಮಾಡುತ್ತೇನೆ ಎನ್ನುವವರು ಲೆಕ್ಕವನ್ನಾದರೂ ನೋಡಿಕೊಳ್ಳಿ. ಈ ಮಾಡೆಲ್ ಎಂ ಕೀಬೋರ್ಡಿನೊಳಗೆ ಪ್ಲಾಸ್ಟಿಕ್ ಹಾಳೆಗಳ ಮೇಲೆ ಎಳೆದ 16 ಅಡ್ಡ, 8 ಉದ್ದ ಗೆರೆಗಳ ಜಾಲವಿದೆ, ಒಟ್ಟು 24 ತಂತಿಗಳು. ಪ್ರೊ ಮೈಕ್ರೋದಲ್ಲಿ ಅಷ್ಟು ಪಿನ್ನುಗಳೇ ಇಲ್ಲ. ಟೀನ್ಸಿ 2.0ರಲ್ಲಿ 25 ಇವೆ, ಒಂದು ಮಿಗುತ್ತದೆ. ದೀಪ ಮೂರು. ಹಾಗಾದರೆ ಯಾವ ದೀಪವನ್ನು ಬಿಡುತ್ತೀರಿ?

ಅದಕ್ಕೂ ಹಿಂದಿನ ಮಾಡೆಲ್ ಎಫ್ ಯಾರ ಬಳಿಯಾದರೂ ಇದ್ದರೆ ಈ ದಾರಿಯೇ ಬೇಡ. ಎರಡರಲ್ಲೂ ಒತ್ತಿದಾಗ ಸ್ಪ್ರಿಂಗ್ ಪಕ್ಕಕ್ಕೆ ಬಾಗಿ ಟಕ್ ಎನ್ನುತ್ತದೆ, ಕೈಗೆ ಹೆಚ್ಚುಕಡಿಮೆ ಒಂದೇ ಅನುಭವ. ಆದರೆ ಎಂನಲ್ಲಿ ಆ ಸ್ಪ್ರಿಂಗ್ ಹಾಳೆಗಳನ್ನು ಒತ್ತಿ ಸಂಪರ್ಕ ಮಾಡಿಸುತ್ತದೆ. ಎಫ್‌ನಲ್ಲಿ ಸಂಪರ್ಕವೇ ಇಲ್ಲ, ಸರ್ಕ್ಯೂಟ್ ಹಲಗೆಯ ಮೇಲಿನ ಧಾರಕತ್ವ, ಅಂದರೆ ಕೆಪಾಸಿಟೆನ್ಸ್, ಬದಲಾಗುವುದನ್ನು ಅಳೆಯುತ್ತಾರೆ. ಸಾದಾ ಬೋರ್ಡಿನ ಪಿನ್ನಿಗೆ ಅದು ಕಾಣಿಸುವುದಿಲ್ಲ. ಎಕ್ಸ್‌ವಾಟ್ಸಿಟ್ ಎಂಬ ಹೆಸರಿನ ಪ್ರತ್ಯೇಕ ಕಂಟ್ರೋಲರನ್ನು ಅದಕ್ಕೆಂದೇ ರೂಪಿಸಿದ್ದಾರೆ.

ಹಲಗೆ ಬಳಪ (ಶಿವಮೊಗ್ಗ)

ಕಂಟ್ರೋಲರ್ ಸುಟ್ಟುಹೋದ ಕೀಬೋರ್ಡಿಗೆ ಬೇರೆ ದಾರಿಯಿಲ್ಲ ಎಂಬುದನ್ನಾದರೂ ಒಪ್ಪುತ್ತೀರಾ ಸರ್?

ನಿವೃತ್ತ ಸೇವಾ ಎಂಜಿನಿಯರ್ (ಮೈಸೂರು)

ಅದಕ್ಕೆ ಒಪ್ಪಿದೆ. ತೂತಿಗಲ್ಲ.

ಮಲ್ಲಿಗೆ ಪ್ರೂಫ್ (ಉಡುಪಿ)

ಕನ್ನಡದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಹದಿಹರೆಯದಿಂದ ಇದೇ ಕೆಲಸ ಮಾಡಿಕೊಂಡು ಬಂದವಳು, ಹೇಳುತ್ತೇನೆ.

ಕೀಬೋರ್ಡಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಸರ್ ಹೇಳಿದ 1ಸಿ ಎಂಬುದು ಯಾವ ಅಕ್ಷರವೂ ಅಲ್ಲ, ಇಂಥ ಜಾಗದ ಕೀ ಒತ್ತಿದ್ದಾರೆ ಎಂಬ ಸುದ್ದಿ ಮಾತ್ರ. ಅದನ್ನು "ಎ" ಮಾಡಬೇಕೋ ಕೆ.ಪಿ. ರಾವ್ ಅವರ ವಿನ್ಯಾಸದಂತೆ ಕನ್ನಡ ಅಕ್ಷರ ಮಾಡಬೇಕೋ ಇನ್‌ಸ್ಕ್ರಿಪ್ಟ್‌ನಂತೆ ಮಾಡಬೇಕೋ ಎಂಬುದನ್ನು ಕಂಪ್ಯೂಟರಿನೊಳಗಿನ ತಂತ್ರಾಂಶ ತೀರ್ಮಾನಿಸುತ್ತದೆ. ಆದ್ದರಿಂದ ಯುಎಸ್‌ಬಿಗೆ ಬಂದು ಮುಟ್ಟಿದ ಯಾವ ಹಳೆಯ ಕೀಬೋರ್ಡಿನಲ್ಲೂ ನುಡಿ, ಬರಹ, ಯೂನಿಕೋಡ್ ಎಲ್ಲವೂ ನಡೆಯುತ್ತವೆ.

ನಮ್ಮಂಥವರಿಗೆ ಹಳೆಯ ಕೀಬೋರ್ಡಿನ ಒಂದು ಲಾಭವೂ ಇದೆ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಅದಲುಬದಲಾಗಲು ಸ್ಕ್ರೋಲ್ ಲಾಕ್ ಒತ್ತುವುದು ಕೈಗೆ ರೂಢಿಯಾಗಿಬಿಟ್ಟಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಕೀಯನ್ನೇ ಕೈಬಿಟ್ಟಿದ್ದಾರೆ. ಐಬಿಎಂನಲ್ಲಿ ಅದಕ್ಕೆ ತನ್ನದೇ ಜಾಗವಿದೆ, ದೀಪವೂ ಇದೆ.

ಕೊರತೆ ಎಲ್ಲಿ ಎಂದರೆ 83 ಕೀಗಳ ಎಕ್ಸ್‌ಟಿಯಲ್ಲಿ. ಅದರಲ್ಲಿ ಬಲಗಡೆಯ ಆಲ್ಟ್ ಇಲ್ಲ, ಪ್ರತ್ಯೇಕ ಬಾಣದ ಕೀಗಳೂ ಇಲ್ಲ, ನಂಬರ್ ಪ್ಯಾಡನ್ನೇ ಬಾಣವಾಗಿ ಬಳಸಬೇಕು. ಪುಟ ವಿನ್ಯಾಸ ಮಾಡುವವರಿಗೆ ಅದು ಶಿಕ್ಷೆ.

ಸೇಬಿನ ತೋಟ (ಬೆಂಗಳೂರು)

ಜಾಹೀರಾತು ಕಂಪನಿಯ ಹಳೆಯ ಸಾಮಾನಿನಲ್ಲಿ ನನಗೆ ಸಿಕ್ಕಿದ್ದು ಆ್ಯಪಲ್ ಎಕ್ಸ್‌ಟೆಂಡೆಡ್ ಕೀಬೋರ್ಡ್ 2. ಪ್ಲಗ್ ದುಂಡಗೇ ಇದೆ, ಪಿನ್ ನಾಲ್ಕು. ಮೇಲೆ ಹೇಳಿದ ಪರಿವರ್ತಕ ಇದಕ್ಕೂ ಆಗುತ್ತದೆಯೇ?

ಗುಬ್ಬಿಗೂಡು (ಸ್ಯಾನ್ ಹೋಸೆ)

ಅಂಗಡಿಯಲ್ಲಿ ಸಿಗುವ ಪಿಎಸ್/2 ಪರಿವರ್ತಕ ಆಗುವುದಿಲ್ಲ. ನಿಮ್ಮದು ಎಡಿಬಿ, ಅಂದರೆ ಆ್ಯಪಲ್ ಡೆಸ್ಕ್‌ಟಾಪ್ ಬಸ್. ಆ್ಯಪಲ್‌ನ ಸ್ಟೀವ್ ವೋಜ್ನಿಯಾಕ್ ರೂಪಿಸಿದ ಪದ್ಧತಿ. 1986ರಲ್ಲಿ ಬಂದು, 1998ರ ಐಮ್ಯಾಕ್‌ನಲ್ಲಿ ಯುಎಸ್‌ಬಿಗೆ ಜಾಗ ಬಿಟ್ಟಿತು. ಇದರಲ್ಲಿ ಕ್ಲಾಕ್ ತಂತಿಯೇ ಇಲ್ಲ. ಒಂದೇ ಡೇಟಾ ತಂತಿಯಲ್ಲಿ ಕೀಬೋರ್ಡ್, ಮೌಸ್ ಎಲ್ಲವೂ ಸಾಲಾಗಿ ನೇತುಬಿದ್ದಿರುತ್ತವೆ, ಕಂಪ್ಯೂಟರ್ ಒಂದೊಂದನ್ನೇ ಸಂಖ್ಯೆ ಹಿಡಿದು ವಿಚಾರಿಸುತ್ತದೆ. ಕೀಬೋರ್ಡಿನ ಸಂಖ್ಯೆ 2.

ಗ್ರಿಫಿನ್ ಕಂಪನಿಯ ಐಮೇಟ್ ಎಂಬ ಪರಿವರ್ತಕ ಇದಕ್ಕೆಂದೇ ಇತ್ತು, ಈಗ ಹಳೆಯ ಮಾಲಿನಲ್ಲಿ ಮಾತ್ರ ಸಿಗುತ್ತದೆ. ಅದೇ 32ಯು4 ಬೋರ್ಡಿಗೆ ಟಿಎಂಕೆಯ ಎಡಿಬಿ ಭಾಗ ಹಾಕಿದರೂ ಆಗುತ್ತದೆ. ಡೇಟಾ ತಂತಿಯನ್ನು 5 ವೋಲ್ಟಿಗೆ ಎಳೆಯಲು 1 ಕಿಲೋ ಓಮ್ ಆಸುಪಾಸಿನ ರೆಸಿಸ್ಟರ್ ಒಂದು ಹಾಕಿ. ಸಾಕೆಟ್ಟಿಗಾಗಿ ಅಲೆಯಬೇಕಿಲ್ಲ, ಹಳೆಯ ಟಿವಿಗಳ ಎಸ್-ವಿಡಿಯೊ ಸಾಕೆಟ್ ಇದಕ್ಕೆ ಸರಿಯಾಗಿ ಕೂರುತ್ತದೆ.

ಆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿದರೆ ನಿಜವಾಗಿಯೂ ಒಳಗೇ ಸಿಕ್ಕಿಕೊಳ್ಳುತ್ತದೆ, ಇನ್ನೊಮ್ಮೆ ಒತ್ತಿದರೆ ಮೇಲೆ ಬರುತ್ತದೆ. ಅದನ್ನು ಕಂಟ್ರೋಲ್ ಮಾಡಿಕೊಳ್ಳುವ ಆಸೆಯಿದ್ದರೆ ಬಿಟ್ಟುಬಿಡಿ, ಅಥವಾ ಒಳಗಿನ ಕೊಂಡಿಯನ್ನು ತೆಗೆಯಲು ಸಿದ್ಧರಾಗಿ.

ಎಸ್‌.ಪಿ. ರಸ್ತೆ ಅಲೆಮಾರಿ (ಬೆಂಗಳೂರು)

ಗುಜರಿಯಲ್ಲಿ 122 ಕೀಗಳ ದೈತ್ಯ ಐಬಿಎಂ ಒಂದು ಕಣ್ಣಿಗೆ ಬಿದ್ದಿದೆ. ಮೇಲೆ ಎರಡು ಸಾಲು ಫಂಕ್ಷನ್ ಕೀಗಳು. ಪ್ಲಗ್ ನೋಡಿದರೆ ನೆಟ್‌ವರ್ಕ್ ಕೇಬಲ್ಲಿನಂತಿದೆ!

ನಿವೃತ್ತ ಸೇವಾ ಎಂಜಿನಿಯರ್ (ಮೈಸೂರು)

ಅದು ಟರ್ಮಿನಲ್ ಕೀಬೋರ್ಡ್, ದೊಡ್ಡ ಕಂಪ್ಯೂಟರಿಗೆ ದೂರದಿಂದ ಜೋಡಿಸಿದ ಪರದೆಯ ಮುಂದೆ ಇರುತ್ತಿದ್ದದ್ದು. ಪ್ಲಗ್ ಕೂರುತ್ತದೆ ಎಂದು ನೆಟ್‌ವರ್ಕ್ ಕಿಂಡಿಗೆ ಖಂಡಿತ ಸಿಕ್ಕಿಸಬೇಡಿ. ಅದು ಮೂರನೆಯ ಸಂಕೇತಮಾಲೆಯನ್ನು ಬಳಸುತ್ತದೆ. ಅಂಗಡಿಯ ಪರಿವರ್ತಕಕ್ಕೆ ಅರ್ಥವಾಗುವುದಿಲ್ಲ, ಗುಬ್ಬಿಗೂಡು ಹೇಳಿದ ಸೋರರ್ ಇದಕ್ಕೆ ಸರಿ.

ಹಾಗೆಯೇ ಡಿಇಸಿ ಕಂಪನಿಯ ಎಲ್‌ಕೆ201 ಯಾರಿಗಾದರೂ ಸಿಕ್ಕಿದರೆ ಇನ್ನೂ ಎಚ್ಚರ. ಅದರ ಪ್ಲಗ್ ದೂರವಾಣಿಯದರಂತೆ, ಮಾತು 4800 ಬಾಡ್ ವೇಗದ ಸೀರಿಯಲ್, ಬೇಕಾದ ವಿದ್ಯುತ್ 12 ವೋಲ್ಟ್. ಯುಎಸ್‌ಬಿಯ 5 ವೋಲ್ಟಿಗೆ ಅದು ಏಳುವುದೇ ಇಲ್ಲ.

ಟಕಟಕ (ದಾವಣಗೆರೆ)

ಎಲ್ಲರಿಗೂ ಧನ್ಯವಾದಗಳು. ಎರಡು ಕಿಂಡಿಯ ಪರಿವರ್ತಕ ತಂದೆ. ತೈವಾನಿನದು "ಎ" ಕಡೆ ಇಟ್ಟಾಗ ದೀಪಗಳು ಮಿನುಗಿ ಕೆಲಸ ಶುರುಮಾಡಿತು. "ಎಕ್ಸ್" ಕಡೆ ಸದ್ದಿಲ್ಲ. ಐಬಿಎಂ ಕೂಡ ನಡೆಯುತ್ತಿದೆ, ಸೋದರಮಾವ ಶಬ್ದ ಕೇಳಿ ಒಳಗಿನಿಂದ ಎದ್ದು ಬಂದರು. ಉಳಿದಿರುವ ತೊಂದರೆ ಮೂರು. ಐಬಿಎಂನಲ್ಲಿ ಕೆಲವು ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ಬರುವುದಿಲ್ಲ. ವಿಂಡೋಸ್ ಕೀ ಇಲ್ಲ. ಪಾಸ್ (Pause) ಕೀ ಒತ್ತಿದರೆ ಕೆಲವೊಮ್ಮೆ ಅದು ಬಿಡುವುದೇ ಇಲ್ಲ, ಒತ್ತಿದಂತೆಯೇ ಇರುತ್ತದೆ.

ಗುಬ್ಬಿಗೂಡು (ಸ್ಯಾನ್ ಹೋಸೆ)

ಮೊದಲನೆಯದು ದೋಷವಲ್ಲ. 16ಕ್ಕೆ 8ರ ಆ ಜಾಲದಲ್ಲಿ ಮೂರು ಕೀಗಳು ಒಂದು ಚೌಕದ ಮೂರು ಮೂಲೆಗಳಲ್ಲಿ ಬಿದ್ದರೆ, ಒತ್ತದಿರುವ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಆ ಸುಳ್ಳು ಅಕ್ಷರ ಬರದಿರಲಿ ಎಂದು ಕಂಟ್ರೋಲರ್ ಮೂರನೆಯದನ್ನೇ ತಡೆಯುತ್ತದೆ. ಯಾವ ಪರಿವರ್ತಕವೂ ಇದನ್ನು ಸರಿಪಡಿಸಲಾರದು. ಶಿಫ್ಟ್, ಕಂಟ್ರೋಲ್, ಆಲ್ಟ್‌ಗಳನ್ನು ಇದರಿಂದ ದೂರ ಇಟ್ಟಿರುವುದರಿಂದ ಟೈಪಿಂಗಿಗೆ ಅಡ್ಡಿಯಿಲ್ಲ, ಆಟ ಆಡುವವರಿಗೆ ಮಾತ್ರ ಕಿರಿಕಿರಿ.

ವಿಂಡೋಸ್ ಕೀ ಮಾರುಕಟ್ಟೆಗೆ ಬಂದದ್ದೇ 1994ರಲ್ಲಿ. ಕ್ಯಾಪ್ಸ್ ಲಾಕ್ ಅಥವಾ ಬಲಗಡೆಯ ಕಂಟ್ರೋಲನ್ನು ಅದಕ್ಕೆ ಒಪ್ಪಿಸಿ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಿಂದ ಆಗುತ್ತದೆ. ಸ್ವಂತ ಪರಿವರ್ತಕವಾದರೆ ಅದರೊಳಗೇ ಬದಲಿಸಬಹುದು, ಆಗ ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಹಾಗೆಯೇ ಇರುತ್ತದೆ.

ನಿವೃತ್ತ ಸೇವಾ ಎಂಜಿನಿಯರ್ (ಮೈಸೂರು)

ಪಾಸ್ ಕೀಯ ಕಥೆ ನಾನು ಹೇಳುತ್ತೇನೆ. ಎಟಿ ಪದ್ಧತಿಯಲ್ಲಿ ಅದೊಂದೇ ಕೀ, ಬೆರಳೆತ್ತಿದ್ದನ್ನು ಹೇಳುವುದಿಲ್ಲ. ಒತ್ತಿದ ಕ್ಷಣದಲ್ಲೇ ಇ1, 14, 77, ಇ1, ಎಫ್0, 14, ಎಫ್0, 77 ಎಂದು ಎಂಟು ಸಂಕೇತಗಳನ್ನು ಒಟ್ಟಿಗೆ ಸುರಿದು ಮೌನವಾಗುತ್ತದೆ. ಒತ್ತಿದ್ದೂ ಬಿಟ್ಟದ್ದೂ ಅದರಲ್ಲೇ ಅಡಗಿದೆ. ಪರಿವರ್ತಕ ಬರೆದವರು ಇದನ್ನು ಗಮನಿಸದಿದ್ದರೆ ಬಿಟ್ಟ ಸುದ್ದಿಗಾಗಿ ಕಾಯುತ್ತಲೇ ಇರುತ್ತದೆ. ನಿಮ್ಮ ಕೀಬೋರ್ಡಿನಲ್ಲಿ ದೋಷವಿಲ್ಲ, ಪರಿವರ್ತಕದಲ್ಲಿದೆ. ಸಿಕ್ಕಿಕೊಂಡಾಗ ಯುಎಸ್‌ಬಿ ತುದಿಯನ್ನು ತೆಗೆದು ಹಾಕಿ. ದುಂಡು ಪ್ಲಗ್ಗನ್ನು ಮಾತ್ರ ವಿದ್ಯುತ್ ಇರುವಾಗ ಎಳೆಯುವ ಅಭ್ಯಾಸ ಬೇಡ, ಅವು ಹಾಗೆ ಬಳಸಲು ಮಾಡಿದ ಪ್ಲಗ್ಗುಗಳಲ್ಲ.

ಟಕಟಕ (ದಾವಣಗೆರೆ)

ಹಾಗಾದರೆ ಪ್ರೊ ಮೈಕ್ರೋ ದಾರಿಯನ್ನೇ ಹಿಡಿಯುತ್ತೇನೆ. ಐದು ಪಿನ್ನಿನ ಸಾಕೆಟ್ಟನ್ನು ಅಂಗಡಿಯಲ್ಲಿ ಏನೆಂದು ಕೇಳಬೇಕು?

ಎಸ್‌.ಪಿ. ರಸ್ತೆ ಅಲೆಮಾರಿ (ಬೆಂಗಳೂರು)

"ಐದು ಪಿನ್ ಡಿನ್, 180 ಡಿಗ್ರಿ" ಎಂದು ಕೇಳಿ. 240 ಡಿಗ್ರಿಯದೂ ಇದೆ, ಅದರಲ್ಲಿಯೂ ಪಿನ್ ಐದೇ, ಆದರೆ ನಿಮ್ಮ ಪ್ಲಗ್ ಕೂರುವುದಿಲ್ಲ. ಕಂಪ್ಯೂಟರ್ ಬಿಡಿಭಾಗದ ಅಂಗಡಿಯಲ್ಲಿ ಇಲ್ಲವೆಂದರೆ ಸಂಗೀತ ಕೀಬೋರ್ಡ್ ರಿಪೇರಿ ಮಾಡುವವರ ಬಳಿ ಹೋಗಿ, ಸಂಗೀತ ವಾದ್ಯಗಳನ್ನು ಜೋಡಿಸುವ ಮಿಡಿ ಕೇಬಲ್ಲಿಗೆ ಬಳಸುವುದು ಇದೇ ಸಾಕೆಟ್.